ನಾರ್ನಿಯಾ ಎಲ್ಲಿಂದ ಶುರು ಮಾಡಬೇಕು? ‘ಮಾಂತ್ರಿಕನ ಸೋದರಳಿಯ’ನ ಬಗ್ಗೆ ಒಂದು ಉತ್ತರ

ಪ್ರಶ್ನೆ: ಮೇಡಂ, ನನ್ನ ಮಗಳಿಗೆ ಹತ್ತು ವರ್ಷ. ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದ ಅಂಗಡಿಯಲ್ಲಿ ಸಿ.ಎಸ್. ಲೂಯಿಸ್ ಅವರ, ನಾರ್ನಿಯಾ ಎಂಬ ಮಾಯಾಲೋಕದ ಸರಣಿಯ ಏಳೂ ಪುಸ್ತಕಗಳ ಸೆಟ್ ಸಿಕ್ಕಿತು. ಬೆನ್ನಿನ ಮೇಲೆ 1 ಅಂತ ಇರುವುದು ‘ದಿ ಮೆಜೀಶಿಯನ್ಸ್ ನೆಫ್ಯೂ’. ಅದನ್ನೇ ದಿನಾ ರಾತ್ರಿ ಓದಿ, ಕನ್ನಡದಲ್ಲಿ ಅರ್ಥ ಹೇಳುತ್ತಿದ್ದೇನೆ. ಅರ್ಧ ಆಗಿದೆ. ಈಗ ನನ್ನ ತಮ್ಮ ಬಂದು, “ಅಕ್ಕಾ, ಅದು ಪ್ರೀಕ್ವೆಲ್, ಹಿಂದಿನ ಕಥೆಯನ್ನು ಆಮೇಲೆ ಬರೆದದ್ದು, ಮೊದಲು ಓದಬಾರದಿತ್ತು, ಮಜಾ ಎಲ್ಲಾ ಹಾಳಾಯ್ತು” ಅನ್ನುತ್ತಾನೆ. ನಿಜವೇ? ಪುಸ್ತಕ ನಿಜಕ್ಕೂ ಚೆನ್ನಾಗಿದೆಯಾ, ಇಲ್ಲಾ ಸರಣಿ ಚೆನ್ನಾಗಿ ಓಡಿತು ಅಂತ ಆಮೇಲೆ ಸೇರಿಸಿದ್ದಾ? ಇನ್ನೊಂದು ವಿಷಯ. ನಮ್ಮತ್ತೆಗೆ ಕ್ಯಾನ್ಸರ್ ಚಿಕಿತ್ಸೆ ನಡೆಯುತ್ತಿದೆ. ಕಥೆಯಲ್ಲೂ ಹುಡುಗನ ತಾಯಿ ಹಾಸಿಗೆ ಹಿಡಿದಿದ್ದಾರೆ. ಮುಂದೆ ಓದಲೋ ಬೇಡವೋ ಅಂತ ಭಯ.
— ಒಬ್ಬ ಓದುಗರು, ಬನಶಂಕರಿ

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯೇ ಈ ಪುಸ್ತಕದ ಹೊಟ್ಟೆಯೊಳಗೆ ಇರುವ ಪ್ರಶ್ನೆ. ಅದಕ್ಕೆ ಬರುತ್ತೇನೆ. ಮೊದಲು ನಿಮ್ಮ ತಮ್ಮನ ಮಾತು ಮುಗಿಸಿಬಿಡೋಣ. ಒಂದು ಎಚ್ಚರಿಕೆ: ಇಲ್ಲಿ ಕಥೆ ಕೊನೆಯವರೆಗೂ ಬಿಚ್ಚಿ ಹೇಳಿದ್ದೇನೆ. ನೀವು ಓದಿ, ಮಗಳಿಗೆ ತೋರಿಸಬೇಡಿ.

ತಮ್ಮ ಹೇಳಿದ್ದು ಅರ್ಧ ಸರಿ. ಸರಣಿಯ ಮೊದಲ ಪುಸ್ತಕ, ಅಂದರೆ ನಾಲ್ಕು ಮಕ್ಕಳು ಬೀರುವಿನೊಳಗೆ ನುಗ್ಗಿ ಹಿಮದ ಕಾಡು ಸೇರುವ ‘ದಿ ಲಯನ್, ದಿ ವಿಚ್ ಅಂಡ್ ದಿ ವಾರ್ಡ್‌ರೋಬ್’, ಬಂದದ್ದು 1950ರಲ್ಲಿ. ಆಮೇಲೆ ವರ್ಷಕ್ಕೊಂದರಂತೆ ಬಂದವು. ನಿಮ್ಮ ಕೈಯಲ್ಲಿರುವುದು 1955ರದ್ದು, ಆರನೆಯದು. ಕಥೆಯ ಕಾಲ ನೋಡಿದರೆ ಇದೇ ಮೊದಲು, ಯಾಕೆಂದರೆ ನಾರ್ನಿಯಾ ಹುಟ್ಟುವುದೇ ಇದರಲ್ಲಿ. 1957ರಲ್ಲಿ ಅಮೆರಿಕದ ಒಬ್ಬ ಹುಡುಗ ಯಾವ ಕ್ರಮದಲ್ಲಿ ಓದಬೇಕು ಎಂದು ಲೂಯಿಸ್‌ಗೇ ಪತ್ರ ಬರೆದ. ಕಥೆಯ ಕಾಲದ ಪ್ರಕಾರ ಓದಬೇಕು ಅನ್ನುವುದು ಹುಡುಗನ ವಾದ, ಬಂದ ಕ್ರಮದಲ್ಲೇ ಓದಬೇಕು ಅನ್ನುವುದು ಅವನ ಅಮ್ಮನ ವಾದ. ಲೂಯಿಸ್ ಹುಡುಗನ ಕಡೆ ವಾಲಿದರು. ಅದರ ಜೊತೆಗೇ, ಕ್ರಮ ಅಷ್ಟೇನೂ ಮುಖ್ಯ ಅಲ್ಲವೇನೋ ಎಂದೂ ಬರೆದರು. 1994ರಲ್ಲಿ ಹಾರ್ಪರ್‌ಕಾಲಿನ್ಸ್ ಅಮೆರಿಕದ ಆವೃತ್ತಿಗೂ ಕಥೆಯ ಕಾಲದ ಪ್ರಕಾರವೇ ನಂಬರ್ ಹಾಕಿತು. ಈಗ ಸಿಗುವ ಸೆಟ್‌ಗಳು ಹೆಚ್ಚಾಗಿ ಹಾಗೇ ಇರುತ್ತವೆ. ನಿಮ್ಮದೇನೂ ತಪ್ಪಿಲ್ಲ, ಬೆನ್ನ ಮೇಲೆ 1 ಇದ್ದರೆ ಯಾರಾದರೂ ಅದನ್ನೇ ಎತ್ತಿಕೊಳ್ಳುತ್ತಾರೆ.

ನಾನಂತೂ ಆ ಅಮ್ಮನ ಪಕ್ಷ. ಕಾರಣ ಆಮೇಲೆ ಹೇಳುತ್ತೇನೆ.

ಓಡಿತು ಅಂತ ಸೇರಿಸಿದ್ದಾ ಅಂದರೆ, ಅಲ್ಲ. ಮೊದಲ ಪುಸ್ತಕ ಬರೆದ ಬೆನ್ನಲ್ಲೇ ಲೂಯಿಸ್ ಇದಕ್ಕೆ ಕೈ ಹಾಕಿದ್ದರು. ಗಿಡಮರಗಳ ಜೊತೆ ಮಾತಾಡಬಲ್ಲ ಡಿಗೊರಿ ಎಂಬ ಹುಡುಗನ ಕಥೆ ಅದು. ಮುಂದೆ ಹೋಗಲಿಲ್ಲ, ಬಿಟ್ಟರು. ಕೊನೆಗೆ ಏಳರಲ್ಲಿ ಬರೆದು ಮುಗಿಸಿದ್ದು ಎಲ್ಲಕ್ಕಿಂತ ತಡವಾಗಿ ಇದನ್ನೇ. ಸುಮ್ನೆ ದುಡ್ಡಿಗೆ ಬರೆಯುವವರು ಒಂದು ಕಥೆಯ ಜೊತೆ ಇಷ್ಟು ವರ್ಷ ಒದ್ದಾಡುವುದಿಲ್ಲ.

ಈಗ ಪ್ರೀಕ್ವೆಲ್ ವಿಷಯ. ಮುಂದೇನಾಗುತ್ತದೆ ಎಂದು ಗೊತ್ತಿದ್ದರೆ ಮಜಾ ಹೋಗುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ನಮ್ಮವರಿಗೆ ಇದನ್ನು ಹೇಳಿಕೊಡಬೇಕಾಗಿಯೇ ಇಲ್ಲ. ಕೀಚಕ ಸಾಯುತ್ತಾನೆ ಎಂದು ಗೊತ್ತಿದ್ದೇ ಜನ ಬಯಲಾಟಕ್ಕೆ ಚಾಪೆ ಹಾಸಿ ಬೆಳಗಿನವರೆಗೆ ಕೂರುತ್ತಾರೆ. ತೊಂದರೆ ಬೇರೆ ಕಡೆ ಇದೆ. ಹಿಂದಿನ ಕಥೆ ಬರೆಯಲು ಕೂತವರು ಎಷ್ಟೋ ಸಲ ಲೆಕ್ಕ ಬರೆಯುವ ಗುಮಾಸ್ತರಾಗಿಬಿಡುತ್ತಾರೆ. ನಾಯಕನಿಗೆ ಆ ಕತ್ತಿ ಕೊಟ್ಟವರು ಯಾರು, ಖಳನ ಮುಖದ ಮೇಲೆ ಗಾಯ ಹೇಗಾಯಿತು, ಆ ಊರಿಗೆ ಆ ಹೆಸರು ಯಾಕೆ ಬಂತು. ಒಂದೊಂದೇ ಬಾಕಿ ಚುಕ್ತಾ ಮಾಡುತ್ತಾ ಹೋಗುತ್ತಾರೆ. ಯಾರೂ ಕೇಳದೇ ಇದ್ದ ಪ್ರಶ್ನೆಗಳಿಗೆಲ್ಲ ಉತ್ತರ ಸಿಗುತ್ತದೆ, ಕಥೆ ಮಾತ್ರ ಸಿಗುವುದಿಲ್ಲ.

ಹಾಗಾಗಿ ಯಾವ ಪ್ರೀಕ್ವೆಲ್ ಕೈಗೆ ಬಂದರೂ ನಾನು ಮೊದಲು ನೋಡುವುದು ಒಂದೇ: ಹಿಂದೆ ಬಂದ ಪುಸ್ತಕಗಳಲ್ಲಿ ಉತ್ತರವೇ ಇಲ್ಲದ ಒಂದಾದರೂ ಪ್ರಶ್ನೆ ಇದರಲ್ಲಿದೆಯಾ?

ಇದರಲ್ಲಿದೆ. ಮೊದಲ ಪುಸ್ತಕದ ಮಾಟಗಾತಿ ಬದುಕಿ ಉಳಿಯುತ್ತಾಳೆ ಎಂದು ಹಳೇ ಓದುಗರಿಗೆ ಗೊತ್ತು. ನಾರ್ನಿಯಾ ಉಳಿಯುತ್ತದೆ ಎಂದೂ ಗೊತ್ತು. ಡಿಗೊರಿಯ ಅಮ್ಮ ಬದುಕುತ್ತಾರಾ? ಅದು ಯಾವ ಪುಸ್ತಕದಲ್ಲೂ ಇರಲಿಲ್ಲ. ಲೂಯಿಸ್ ಇಡೀ ಕಥೆಯ ಭಾರವನ್ನು ಆ ಹಾಸಿಗೆಯ ಪಕ್ಕದಲ್ಲಿ ತಂದು ಇಟ್ಟಿದ್ದಾರೆ.

ಹೆಸರಿನ ಬಗ್ಗೆ ಒಂದು ಮಾತು. ಇಂಗ್ಲಿಷಿನ ‘ನೆಫ್ಯೂ’ ಯಾರ ಕಡೆಯವನು ಎಂದು ಗೊತ್ತಾಗುವುದಿಲ್ಲ. ಕನ್ನಡದಲ್ಲಿ ಹೇಳುವಾಗ ನೀವೂ ಇಲ್ಲಿ ಒಂದು ಕ್ಷಣ ತಡವರಿಸಿರಬೇಕು. ಮಾಂತ್ರಿಕ ಆಂಡ್ರ್ಯೂ, ಡಿಗೊರಿಯ ತಾಯಿಯ ಅಣ್ಣನೋ ತಮ್ಮನೋ, ಅಂತೂ ಸೋದರಮಾವ. ಹಾಗಾಗಿ ‘ಮಾಂತ್ರಿಕನ ಸೋದರಳಿಯ’. ನಾನು ಭಾನುವಾರ ಬಸವನಗುಡಿಯ ಮಕ್ಕಳಿಗೆ ಇದನ್ನು ಹೇಳಿದಾಗ, ಸೋದರಮಾವ ಅಂದ ಕೂಡಲೇ ಒಬ್ಬ “ಕಂಸ!” ಎಂದು ಕೂಗಿದ, ಇನ್ನೊಬ್ಬಳು “ಶಕುನಿ!” ಎಂದಳು. ಲೂಯಿಸ್‌ಗೆ ಗೊತ್ತಿಲ್ಲದೇ ಸಿಕ್ಕ ಲಾಭ ಅದು. ಒಡಹುಟ್ಟಿದವಳು ಅದೇ ಮನೆಯಲ್ಲಿ ಸಾಯುತ್ತಾ ಮಲಗಿರುವಾಗ, ಅವಳ ಮಗನನ್ನೇ ಪ್ರಯೋಗಕ್ಕೆ ತಳ್ಳುವ ಮಾವ. ನಮ್ಮ ಮಕ್ಕಳಿಗೆ ಇವನ ಪರಿಚಯ ಮಾಡಿಸುವ ಅಗತ್ಯವೇ ಬರಲಿಲ್ಲ.

ಶುರುವಿನ ಅಧ್ಯಾಯಗಳು ನನಗೆ ಬಹಳ ಇಷ್ಟ. ಸುಮಾರು 1900ರ ಲಂಡನ್. ಗೋಡೆಗೆ ಗೋಡೆ ಅಂಟಿಕೊಂಡ ಸಾಲು ಮನೆಗಳು, ಎಲ್ಲಕ್ಕೂ ಸೇರಿ ಮೇಲೆ ಒಂದೇ ಅಟ್ಟ. ಮಲ್ಲೇಶ್ವರದ, ಚಾಮರಾಜಪೇಟೆಯ ಹಳೇ ವಠಾರ ನೋಡಿದವರಿಗೆ ಈ ಚಿತ್ರ ತಕ್ಷಣ ಕಣ್ಣಿಗೆ ಕಟ್ಟುತ್ತದೆ. ಡಿಗೊರಿ ಮತ್ತು ಪಕ್ಕದ ಮನೆಯ ಪಾಲಿ ಆ ಅಟ್ಟದಲ್ಲಿ ತೆವಳಿಕೊಂಡು ಖಾಲಿ ಮನೆಯೊಂದಕ್ಕೆ ಹೋಗಲು ನೋಡುತ್ತಾರೆ. ಲೆಕ್ಕ ತಪ್ಪುತ್ತದೆ. ಇಳಿದರೆ ಮಾವನ ಕೋಣೆ! ದೊಡ್ಡ ಭವಿಷ್ಯವಾಣಿ ಇಲ್ಲ, ರಾಜಕುಮಾರ ಇಲ್ಲ. ಇಬ್ಬರು ಮಕ್ಕಳ ತಪ್ಪು ಲೆಕ್ಕದಿಂದ ಒಂದು ಲೋಕದ ಕಥೆ ಶುರುವಾಗುತ್ತದೆ. ಹುಡುಗನ ಅಪ್ಪ ಎಲ್ಲಿದ್ದಾರೆ ಗೊತ್ತಾ? ಇಂಡಿಯಾದಲ್ಲಿ. ನಾವು ಕೂತು ಓದುತ್ತಿರುವ ಈ ದೇಶ ಆ ಹುಡುಗನಿಗೆ ಕಾಗದ ಮಾತ್ರ ಬರುವ ದೂರದ ಜಾಗ.

ಆಮೇಲೆ ಬರುವ ಲೋಕಗಳ ನಡುವಿನ ಕಾಡು. ಸದ್ದಿಲ್ಲ, ಹಕ್ಕಿಯಿಲ್ಲ, ಸಣ್ಣ ಸಣ್ಣ ಕೊಳಗಳು, ಒಂದೊಂದು ಕೊಳವೂ ಒಂದೊಂದು ಲೋಕಕ್ಕೆ ಬಾಗಿಲು. ಮಾವ ಮಾಡಿದ ಮಾಯದ ಉಂಗುರಗಳಲ್ಲಿ ಹಳದಿಯದು ಕಾಡಿಗೆ ತರುತ್ತದೆ, ಹಸಿರು ಉಂಗುರ ಹೊರಗೆ ಒಯ್ಯುತ್ತದೆ. ಮಕ್ಕಳ ಫ್ಯಾಂಟಸಿಯಲ್ಲಿ ಇದಕ್ಕಿಂತ ಒಳ್ಳೆಯ ಜಾಗ ನಾನು ಕಂಡಿಲ್ಲ. ಲೂಯಿಸ್ ಅದನ್ನು ವಿವರಿಸುವುದೇ ಇಲ್ಲ, ಯಾರು ಮಾಡಿದರು, ಯಾಕೆ ಮಾಡಿದರು ಎಂದು ಒಂದು ಮಾತೂ ಇಲ್ಲ. ಉತ್ತರ ಹೇಳಲೆಂದೇ ಹುಟ್ಟಿದ ಪುಸ್ತಕದ ಅತ್ಯಂತ ಚೆಂದದ ಜಾಗ ಯಾವ ಉತ್ತರವನ್ನೂ ಹೇಳುವುದಿಲ್ಲ.

ಚಾರ್ನ್ ಎಂಬ ಲೋಕ ಇನ್ನೊಂದು. ಕೆಂಪಗೆ ಮುದಿಯಾದ ಸೂರ್ಯ, ಸತ್ತ ಊರು, ಸಾಲಾಗಿ ಕೂತ ರಾಜರಾಣಿಯರ ಪ್ರತಿಮೆಗಳು. ಮೊದಲಿನವರ ಮುಖದಲ್ಲಿ ದಯೆ ಇದೆ, ಮುಂದೆ ಹೋದಂತೆ ಕ್ರೌರ್ಯ. ಒಂದು ರಾಜ್ಯ ಹೇಗೆ ಕೆಟ್ಟಿತು ಎಂಬ ಇತಿಹಾಸವನ್ನು ಲೂಯಿಸ್ ಬರೇ ಮುಖಗಳಲ್ಲಿ ಹೇಳಿ ಮುಗಿಸಿದ್ದಾರೆ. ಅಲ್ಲೊಂದು ಗಂಟೆ, ಒಂದು ಸುತ್ತಿಗೆ. ಹೊಡೆಯಬೇಡ ಎನ್ನುತ್ತಾಳೆ ಪಾಲಿ. ಡಿಗೊರಿ ಅವಳ ಕೈ ತಿರುಚಿ ಹಿಡಿದು ಹೊಡೆದೇಬಿಡುತ್ತಾನೆ. ಆ ಸಾಲಿನ ಕೊನೆಯ ರಾಣಿ ಜೇಡಿಸ್ ಏಳುತ್ತಾಳೆ. ಮುಂದೆ ನಾರ್ನಿಯಾವನ್ನು ಹಿಮದಲ್ಲಿ ಹೂಳುವ ಮಾಟಗಾತಿ ಇವಳೇ.

ಸಾಮಾನ್ಯವಾಗಿ ಖಳನ ಹಿಂದಿನ ಕಥೆ ಅಂದರೆ ಏನಿರುತ್ತದೆ? ಅವನಿಗೂ ಬಾಲ್ಯದಲ್ಲಿ ಅನ್ಯಾಯ ಆಗಿತ್ತು, ಪಾಪ, ಅನ್ನುವ ಕಥೆ. ಇಲ್ಲಿ ಹಾಗಿಲ್ಲ. ಜೇಡಿಸ್‌ಗೆ ಕ್ಷಮೆ ಬೇಕಾಗಿಯೇ ಇಲ್ಲ. ಯುದ್ಧದಲ್ಲಿ ಸೋದರಿ ಗೆಲ್ಲುತ್ತಿದ್ದಾಳೆ ಎಂದು ಒಂದೇ ಒಂದು ಮಂತ್ರ ಹೇಳಿ ಲೋಕದ ಜೀವಗಳನ್ನೆಲ್ಲ ಕೊಂದವಳು ಅವಳು. ನಮ್ಮಂಥವರಿಗೆ ಸಾಮಾನ್ಯರ ಕಟ್ಟುಪಾಡು ಇಲ್ಲ ಎನ್ನುತ್ತಾಳೆ. ಲಂಡನ್ನಿನ ಅಟ್ಟದಲ್ಲಿ ಪುಕ್ಕಲು ಮಾವ ಹೇಳಿದ್ದೂ ಇದೇ ಮಾತು, ಡಿಗೊರಿಗೆ ಅದು ಹೊಳೆಯುತ್ತದೆ. ಚಿಕ್ಕ ಕಂಸ, ದೊಡ್ಡ ಕಂಸ. ಇನ್ನು ಗಂಟೆಯ ವಿಷಯ. ಯಾಕೆ ಹೊಡೆದೆ ಎಂದು, ನಾರ್ನಿಯಾವನ್ನು ಸೃಷ್ಟಿಸಿದ ಸಿಂಹ ಅಸ್ಲಾನ್ ಕೇಳಿದಾಗ ಡಿಗೊರಿ ಮೊದಲು, ಅಲ್ಲಿ ಬರೆದಿದ್ದ ಪದ್ಯದ ಮಾಯೆ ಇರಬೇಕು ಎನ್ನುತ್ತಾನೆ. ಸಿಂಹ ಮತ್ತೆ ನೋಡುತ್ತದೆ. ಇಲ್ಲ, ನಾಟಕ ಆಡುತ್ತಿದ್ದೆ ಎಂದು ಒಪ್ಪಿಕೊಳ್ಳುತ್ತಾನೆ. ಒಂದು ಲೋಕಕ್ಕೆ ಕೆಡುಕು ಬಂದದ್ದು ಒಬ್ಬ ಹುಡುಗನ ಹಠದಿಂದ, ಆ ಹಠ ಅವನದ್ದೇ. ಈ ಅರ್ಧ ಪುಟದ ಮಾತುಕತೆಯನ್ನು ಮಕ್ಕಳಿಗೆ ಓದಿ ಹೇಳುವಾಗ ಕೋಣೆ ಪೂರ್ತಿ ಸ್ತಬ್ಧ ಆಗುತ್ತದೆ. ಎಲ್ಲರೂ ಒಂದಲ್ಲ ಒಂದು ಸಲ ಗಂಟೆ ಹೊಡೆದವರೇ ಅಲ್ವಾ.

ದೀಪದ ಕಂಬಕ್ಕೆ ಬರೋಣ. ಮೊದಲ ಪುಸ್ತಕದಲ್ಲಿ ಕಾಡಿನ ನಡುವೆ ಬೀದಿದೀಪದ ಕಂಬ ಒಂಟಿಯಾಗಿ ಉರಿಯುತ್ತಿರುತ್ತದೆ. ಕಾರಣ ಇಲ್ಲ, ಅದಕ್ಕೇ ಅದು ಅಷ್ಟು ಚೆಂದ. ಕಾರಣ ಕೊಟ್ಟರೆ ಕೆಡುತ್ತದೆ ಎಂದು ನಾನೂ ಹೆದರಿದ್ದೆ. ಇಲ್ಲಿ ಮಕ್ಕಳ ಜೊತೆಗೇ ಬಂದುಬಿಟ್ಟ ಜೇಡಿಸ್ ಲಂಡನ್ನಿನಲ್ಲಿ ಒಂದು ಕಂಬದ ಕಬ್ಬಿಣದ ತುಂಡು ಕಿತ್ತುಕೊಳ್ಳುತ್ತಾಳೆ. ಆಗಷ್ಟೇ ಹುಟ್ಟುತ್ತಿರುವ ನಾರ್ನಿಯಾದಲ್ಲಿ ಅದನ್ನು ಸಿಂಹದ ಮೇಲೆ ಎಸೆಯುತ್ತಾಳೆ. ತುಂಡು ನೆಲಕ್ಕೆ ಬೀಳುತ್ತದೆ, ಹಸಿ ಮಣ್ಣಿನಲ್ಲಿ ಚಿಗುರಿ ಕಂಬವಾಗುತ್ತದೆ! ಮಳೆಗಾಲದಲ್ಲಿ ನುಗ್ಗೆ ಕೊಂಬೆ ಮುರಿದು ನೆಟ್ಟರೆ ಬರುವುದಿಲ್ಲವೇ, ಹಾಗೆ. ಅಜ್ಜಿ ಮನೆಯ ಹಿತ್ತಿಲು ನೋಡಿದ ಮಗುವಿಗೆ ಇದರಲ್ಲಿ ವಿಚಿತ್ರವೇ ಇಲ್ಲ. ಇದು ಒಗ್ಗುವುದಕ್ಕೆ ಕಾರಣ, ಕಂಬ ಬಾಕಿ ತೀರಿಸಲು ಬಂದದ್ದಲ್ಲ. ಕೋಪದಲ್ಲಿ ಎಸೆದ ಆಯುಧ ದೀಪವಾಗಿ ಬೆಳೆಯುತ್ತದೆ, ಕಥೆಯ ಓಟದಲ್ಲೇ. (ಅದಕ್ಕೆ ಕರೆಂಟ್ ಎಲ್ಲಿಂದ ಎಂದು ಒಬ್ಬ ಕೇಳಿದ. ಅದು ಗ್ಯಾಸ್ ದೀಪದ ಕಾಲ ಎಂದೆ. ನಮ್ಮ ಕೆ.ಆರ್. ಮಾರ್ಕೆಟ್ಟಿಗೆ ಶಿವನಸಮುದ್ರದ ಕರೆಂಟಿನ ಬೀದಿದೀಪ ಬಂದದ್ದೇ 1905ರಲ್ಲಿ. ಅವನಿಗೆ ಆಮೇಲೆ ನಾರ್ನಿಯಾಗಿಂತ ಮಾರ್ಕೆಟ್ಟಿನ ಮೇಲೇ ಆಸಕ್ತಿ ಜಾಸ್ತಿ ಆಯಿತು.)

ಇದೇ ಜಾಣತನ ಬೀರುವಿನ ವಿಷಯದಲ್ಲಿ ಇಲ್ಲ. ಕೊನೆಯ ಪುಟಗಳಲ್ಲಿ ಗಡಿಬಿಡಿಯಲ್ಲಿ ಒಂದು ಸಮಜಾಯಿಷಿ ಬರುತ್ತದೆ: ಮಾಯದ ಸೇಬಿನ ಬೀಜದಿಂದ ಲಂಡನ್ನಿನಲ್ಲಿ ಮರ ಬೆಳೆಯಿತು, ಗಾಳಿಗೆ ಬಿತ್ತು, ಅದರ ಮರದಿಂದ ಬೀರು ಮಾಡಿಸಿದರು. ಸರಿ, ಅದಕ್ಕೇನೀಗ? ಬೀರುವಿಗೆ ಹೀಗೊಂದು ಜಾತಕ ಬರೆದದ್ದರಿಂದ ನನಗೆ ಏನೂ ದಕ್ಕಲಿಲ್ಲ. ಯಾರದೋ ಮನೆಯ ಹಳೇ ಬೀರುವಿನಲ್ಲೂ ಬಾಗಿಲು ಇರಬಹುದು ಎಂಬ ಆಸೆ ಮಾತ್ರ ಸ್ವಲ್ಪ ಕಡಿಮೆ ಆಯಿತು.

ಹಳೇ ಪುಸ್ತಕಕ್ಕೂ ಇದಕ್ಕೂ ಹೊಂದಿಕೆ ಆಗದ ಜಾಗಗಳೂ ಇವೆ. ಮೊದಲ ಪುಸ್ತಕದಲ್ಲಿ ಮಾತಾಡುವ ಪ್ರಾಣಿ ಬೀವರ್ ಅಜ್ಜ, ನಿಮ್ಮ ಮನುಷ್ಯ ಕುಲದವರು ಇಲ್ಲಿಗೆ ಹಿಂದೆಂದೂ ಬಂದಿಲ್ಲ ಎಂದು ಮಕ್ಕಳಿಗೆ ಹೇಳುತ್ತಾನೆ. ಇಲ್ಲಿ ನೋಡಿದರೆ ನಾರ್ನಿಯಾದ ಮೊದಲ ರಾಜರಾಣಿಯರೇ ಲಂಡನ್ನಿನ ಗಾಡಿ ಹೊಡೆಯುವ ಫ್ರ್ಯಾಂಕ್ ಮತ್ತು ಅವನ ಹೆಂಡತಿ ಹೆಲೆನ್. ಮಾಟಗಾತಿಯ ವಂಶದ ಬಗ್ಗೆ ಬೀವರ್ ಹೇಳುವುದೂ ಚಾರ್ನ್ ಕಥೆಗೆ ಸರಿಯಾಗಿ ಕೂರುವುದಿಲ್ಲ. ನನಗೆ ಇವು ದೊಡ್ಡ ತಪ್ಪು ಅನ್ನಿಸುವುದಿಲ್ಲ. ನಮ್ಮ ಪುರಾಣಗಳಲ್ಲಿ ಇಂಥವು ಎಷ್ಟು ಬೇಕು? ನನಗೆ ಕಿರಿಕಿರಿ ಆಗುವುದು ಇನ್ನೊಂದು. ಅಷ್ಟೆಲ್ಲ ಮಾತಾಡುವ ಪ್ರಾಣಿಗಳು ಹುಟ್ಟಿವೆ, ಆದರೂ ಆಳುವುದಕ್ಕೆ ಮನುಷ್ಯನೇ ಬೇಕು, ಅದೂ ಇಂಗ್ಲೆಂಡಿನಿಂದಲೇ ಬರಬೇಕು. ಫ್ರ್ಯಾಂಕ್ ಒಳ್ಳೆಯವನು, ಕುದುರೆಯನ್ನು ಪ್ರೀತಿಯಿಂದ ನೋಡುವವನು, ಅವನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ದಂಡು ಪ್ರದೇಶ ಇದ್ದ ಊರಿನಲ್ಲಿ ಕೂತು ಓದುವವರಿಗೆ ಈ ಏರ್ಪಾಡು ಹಲ್ಲಿಗೆ ಸಿಕ್ಕ ಕಲ್ಲಿನಂತೆ ತಗಲುತ್ತದೆ.

ಪಾಲಿಗೆ ಅನ್ಯಾಯ ಆಗಿದೆ. ಮೊದಲರ್ಧದಲ್ಲಿ ಬುದ್ಧಿ ಇರುವುದೇ ಅವಳಿಗೆ. ಕಾಡಿನಲ್ಲಿ ಮನೆಗೆ ಹೋಗುವ ದಾರಿ ಕೈತಪ್ಪದಂತೆ ನೋಡುವವಳೂ ಅವಳೇ, ಗಂಟೆ ಬೇಡ ಎಂದವಳೂ ಅವಳೇ. ಅಸ್ಲಾನ್ ಬಂದ ಮೇಲೆ ಕಥೆ ಪೂರ್ತಿ ಡಿಗೊರಿಯದು. ಸಿಂಹ ಹೇಳಿದ ಸೇಬನ್ನು ತರಲು ಡಿಗೊರಿ ಹೊರಟಾಗ ಹಾರುವ ಕುದುರೆಯ ಮೇಲೆ ಜೊತೆಗೆ ಹೋಗುತ್ತಾಳೆ, ತೋಟದ ಗೇಟಿನ ಹತ್ತಿರ ನಿಲ್ಲುತ್ತಾಳೆ. ನಿಮ್ಮ ಮಗಳು ಇದನ್ನು ಕೇಳಿಯೇ ಕೇಳುತ್ತಾಳೆ, ಉತ್ತರ ರೆಡಿ ಇಟ್ಟುಕೊಳ್ಳಿ. ನನ್ನ ಹತ್ತಿರ ಇರಲಿಲ್ಲ.

ಮಾವನನ್ನು ಪ್ರಾಣಿಗಳು ಮರ ಎಂದುಕೊಂಡು ಮಣ್ಣಿನಲ್ಲಿ ನೆಡುವ ತಮಾಷೆ ಉದ್ದವಾಯಿತು. ಮಕ್ಕಳು ಬಿದ್ದು ಬಿದ್ದು ನಗುತ್ತಾರೆ, ಹಾಗಾಗಿ ನಾನು ಸೋತೆ. ಅದರ ಹಿಂದಿನ ಪುಟಗಳು ಮಾತ್ರ ಬೇರೆ ತೂಕದವು. ಕತ್ತಲೆಯಲ್ಲಿ ಸಿಂಹ ಹಾಡುತ್ತದೆ, ಹಾಡಿಗೆ ನಕ್ಷತ್ರ, ಬೆಟ್ಟ, ಹುಲ್ಲು ಹುಟ್ಟುತ್ತವೆ. ಎಲ್ಲರೂ ಬೆರಗಾಗಿ ಕೇಳುತ್ತಾರೆ. ಮಾವ ಮಾತ್ರ, ಸಿಂಹ ಎಲ್ಲಾದರೂ ಹಾಡುತ್ತದೆಯೇ ಎಂದು ತನಗೆ ತಾನೇ ಹೇಳಿಕೊಂಡು ಹೇಳಿಕೊಂಡು, ಕೊನೆಗೆ ಬರೇ ಗರ್ಜನೆ ಕೇಳಿಸುವ ಹಾಗೆ ಮಾಡಿಕೊಳ್ಳುತ್ತಾನೆ. ಕೊನೆಯಲ್ಲಿ ಅಸ್ಲಾನ್ ನಮ್ಮ ಲೋಕಕ್ಕೆ ಹೇಳುವ ಎಚ್ಚರಿಕೆ, ನೀವೂ ಚಾರ್ನ್ ಹಾದಿ ಹಿಡಿಯಬಹುದು ಅನ್ನುವುದು, ಪ್ರವಚನದಂತಿದೆ. ಹಿರೋಷಿಮಾ ಆಗಿ ಹತ್ತೇ ವರ್ಷಕ್ಕೆ ಬಂದ ಪುಸ್ತಕ ಎಂದು ನೆನಪಾದರೆ ಅಷ್ಟು ಬೇಸರ ಆಗುವುದಿಲ್ಲ.

ಇನ್ನು ಕ್ರಮದ ಬಗ್ಗೆ ನನ್ನ ಕಾರಣ. 1950ರ ಪುಸ್ತಕದಲ್ಲಿ ಅಸ್ಲಾನ್ ಹೆಸರು ಮೊದಲ ಸಲ ಬಂದಾಗ ಕಥೆ ಹೇಳುವವರು, ಇವನು ಯಾರೆಂದು ನಿಮಗೆ ಎಷ್ಟು ಗೊತ್ತೋ ಆ ಮಕ್ಕಳಿಗೂ ಅಷ್ಟೇ ಗೊತ್ತು, ಅಂದರೆ ಏನೂ ಗೊತ್ತಿಲ್ಲ, ಎನ್ನುವ ಧಾಟಿಯಲ್ಲಿ ಮಾತಾಡುತ್ತಾರೆ. ಇದನ್ನು ಮೊದಲು ಓದಿದ ಮಗುವಿಗೆ ಆ ಮಾತು ಸುಳ್ಳಾಗುತ್ತದೆ. ಅವಳು ಸಿಂಹದ ಹಾಡನ್ನೇ ಕೇಳಿ ಬಂದಿರುತ್ತಾಳೆ. ಆ ಒಂದು ನಡುಕ ಹೋಯಿತು. ಬಾಕಿ ಏನೂ ಹೋಗಿಲ್ಲ. ಅರ್ಧಕ್ಕೆ ನಿಲ್ಲಿಸಬೇಡಿ.

ಈಗ ಅಮ್ಮನ ವಿಷಯ. ಲೂಯಿಸ್ ಹುಟ್ಟಿದ್ದು 1898ರಲ್ಲಿ, ಬೆಲ್‌ಫಾಸ್ಟ್‌ನಲ್ಲಿ. 1908ರ ಆಗಸ್ಟಿನಲ್ಲಿ ಅವರ ತಾಯಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಹುಡುಗನಿಗೆ ಒಂಬತ್ತು ವರ್ಷ. ಐವತ್ತು ದಾಟಿದ ಮೇಲೆ ಆ ಮನುಷ್ಯ ಈ ಪುಸ್ತಕ ಬರೆದರು. ಡಿಗೊರಿ ಸಿಂಹದ ಎದುರು ನಿಂತು, ಅಮ್ಮನಿಗೆ ಏನಾದರೂ ಕೊಡಿ ಎಂದು ಕೇಳಿ ತಲೆ ಎತ್ತಿದರೆ, ಸಿಂಹದ ಕಣ್ಣಲ್ಲಿ ನೀರು. ಆಮೇಲೆ ತೋಟದಲ್ಲಿ ಮಾಟಗಾತಿ ಅವನಿಗೆ ಹೇಳುತ್ತಾಳೆ: ಸೇಬನ್ನು ಸಿಂಹಕ್ಕೆ ಯಾಕೆ ಒಯ್ಯುತ್ತೀಯ, ನೇರ ಅಮ್ಮನಿಗೆ ಕೊಡು, ಇವತ್ತೇ ಗುಣವಾಗುತ್ತಾಳೆ. ಹುಡುಗ ಮಾತು ಕೊಟ್ಟಿದ್ದಾನೆ. ಸೇಬನ್ನು ಸಿಂಹಕ್ಕೇ ಒಪ್ಪಿಸುತ್ತಾನೆ, ಅಮ್ಮನ ಆಸೆ ಬಿಟ್ಟು. ಆಮೇಲೆ ಸಿಂಹ ತಾನಾಗಿಯೇ ಒಂದು ಹಣ್ಣು ಕೊಡುತ್ತದೆ. ಅಮ್ಮ ಗುಣವಾಗುತ್ತಾರೆ.

ಇದು ಪುಸ್ತಕದ ಶಕ್ತಿಯೋ ದೌರ್ಬಲ್ಯವೋ? ಹೇಳುವುದು ಕಷ್ಟ. ಕಥೆಯಾಗಿ ನೋಡಿದರೆ, ಕಳೆದುಕೊಂಡ ಮೇಲೆ ಸಿಕ್ಕಿದ್ದರಿಂದ ಅದು ಪುಕ್ಕಟೆ ಅನ್ನಿಸುವುದಿಲ್ಲ. ಆದರೆ ನಿಮ್ಮ ಮನೆಯಂಥ ಮನೆಯಲ್ಲಿ ಓದುವಾಗ ಇದರ ಅರ್ಥ ಬೇರೆ ಆಗಬಹುದು. ಒಳ್ಳೆಯವರಾಗಿ ನಡೆದುಕೊಂಡರೆ ಅಜ್ಜಿ ಗುಣ ಆಗುತ್ತಾರೆ, ಆಗದಿದ್ದರೆ ನನ್ನದೇ ತಪ್ಪು ಎಂದು ಹತ್ತು ವರ್ಷದ ಮಗು ಲೆಕ್ಕ ಹಾಕಿಕೊಂಡರೆ? ನಾನು ಒಮ್ಮೆ ಈ ಎಡವಟ್ಟು ಮಾಡಿದ್ದೇನೆ. ಗುಂಪಿನಲ್ಲಿ ಆ ವರ್ಷ ತಂದೆಯನ್ನು ಕಳೆದುಕೊಂಡ ಹುಡುಗನಿದ್ದ, ನನಗೆ ಗೊತ್ತಿರಲಿಲ್ಲ. ಓದಿ ಮುಗಿಸಿದ ಮೇಲೆ ಅವನು, “ನಮಗೆ ಯಾಕೆ ಸೇಬು ಕೊಡಲಿಲ್ಲ?” ಎಂದ. ನಾನು ಪುಸ್ತಕ ಮುಚ್ಚಿಟ್ಟು, ಇದನ್ನು ಬರೆದವರಿಗೂ ಯಾರೂ ಕೊಟ್ಟಿರಲಿಲ್ಲ ಕಣೋ ಎಂದೆ. ಅವನು ಸುಮಾರು ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, ಹಾಗಾದರೆ ಆ ಸಿಂಹ ಅತ್ತದ್ದು ನಿಜ ಎಂದ.

ಅದಕ್ಕೆ ನನ್ನ ಸಲಹೆ: ಓದಿ. ಆದರೆ 12ನೇ ಅಧ್ಯಾಯದಿಂದ ಕೊನೆಯವರೆಗೆ ನೀವು ಒಬ್ಬರೇ ಮೊದಲು ಓದಿಕೊಳ್ಳಿ. ಆ ಭಾಗವನ್ನು ಮಲಗುವ ಹೊತ್ತಿನಲ್ಲಿ ಇಟ್ಟುಕೊಳ್ಳಬೇಡಿ, ಒಂದು ಭಾನುವಾರ ಮಧ್ಯಾಹ್ನ ಇಟ್ಟುಕೊಳ್ಳಿ. ಆಮೇಲೆ ಮಾತಾಡಲು ಟೈಮ್ ಇರಲಿ. ತೋಟದ ದೃಶ್ಯದಲ್ಲಿ ನಿಲ್ಲಿಸಿ, ನೀನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಿ. ಅವಳು ಅಜ್ಜಿಗೆ ಕೊಡುತ್ತಿದ್ದೆ ಅಂದರೆ ತಿದ್ದಲು ಹೋಗಬೇಡಿ. ಲೂಯಿಸ್‌ಗೆ ಅಮ್ಮ ಉಳಿಯಲಿಲ್ಲ ಎನ್ನುವುದನ್ನು ಪುಸ್ತಕ ಮುಗಿದ ಮೇಲೆ, ಅವಳಾಗಿ ಕೇಳಿದರೆ ಹೇಳಿ. ಅತ್ತೆಯವರಿಗೆ ಆರಾಮ ಇದ್ದ ದಿನ ಅವರನ್ನೂ ಕೇಳಲು ಕೂರಿಸಿಕೊಳ್ಳಬಹುದು. ಅದು ನಿಮಗೆ ಗೊತ್ತಾಗುತ್ತದೆ, ನನಗಲ್ಲ.

ಇದಾದ ಮೇಲೆ ನಂಬರ್ ಮರೆತು 1950ರ ಪುಸ್ತಕ ತೆಗೆಯಿರಿ. ನಿಮ್ಮ ಸೆಟ್‌ನಲ್ಲಿ ಅದಕ್ಕೆ 2 ಎಂದಿರುತ್ತದೆ. ಆಮೇಲೆ ಬಂದ ಕ್ರಮದಲ್ಲಿ ಹೋಗಿ. ಅದರಲ್ಲಿ ಒಬ್ಬ ಮುದುಕ ಪ್ರೊಫೆಸರ್ ಬರುತ್ತಾರೆ. ಪುಟ್ಟ ಲೂಸಿ ಬೀರುವಿನಲ್ಲಿ ದೇಶ ಇದೆ ಎಂದಾಗ ಮಿಕ್ಕವರು ನಂಬುವುದಿಲ್ಲ, ಇವರು ಮಾತ್ರ, ಅವಳು ಸುಳ್ಳು ಹೇಳುವವಳಲ್ಲ, ಹುಚ್ಚಿಯೂ ಅಲ್ಲ, ಹಾಗಾದರೆ ನಿಜವೇ ಇರಬೇಕು ಎನ್ನುತ್ತಾರೆ. ಆಗ ಬಂದ ಕ್ರಮದಲ್ಲಿ ಓದಿದವರಿಗೆ ಅವರು ಸುಮ್ನೆ ಒಬ್ಬ ವಿಚಿತ್ರ ಅಜ್ಜ. ನಿಮ್ಮ ಮಗಳಿಗೆ ಹಾಗಲ್ಲ. ಇಲ್ಲಿ ಮಾತ್ರ ನಿಮ್ಮ ತಮ್ಮನೂ ನಾನೂ ಸೋತೆವು. ನಮ್ಮ ಗುಂಪಿನಲ್ಲಿ ನಿಮ್ಮ ಹಾಗೇ ನಂಬರ್ ನೋಡಿ ಓದಿ ಬಂದಿದ್ದ ಹುಡುಗಿ ಆ ಪುಟಕ್ಕೆ ಬಂದಾಗ, “ಅಯ್ಯೋ, ಇವನು ಡಿಗೊರಿ ಅಲ್ವಾ, ಎಷ್ಟು ವಯಸ್ಸಾಗಿಬಿಟ್ಟಿದೆ ಪಾಪ” ಎಂದಳು. ಒಂದು ನಿಮಿಷ ಬಿಟ್ಟು, “ಹಾಗಾದ್ರೆ ಪಾಲಿ ಎಲ್ಲಿ?” ಎಂದು ಕೇಳಿದಳು. ಅದಕ್ಕೆ ಏಳನೇ ಪುಸ್ತಕದವರೆಗೆ ಕಾಯಬೇಕು.